ಸೋಫಾಗೆ ಬೆಡ್‌ಶೀಟು, ಹುಡುಗನಿಗೆ ದೇವರು

ಆಯುಧಪೂಜೆಯ ದಿನ ಡ್ರಿಲ್ ಮಷೀನಿಗೆ ಸಿಗುವ ಮರ್ಯಾದೆ ಖಾತೆ ಕಳೆದುಕೊಳ್ಳದ ಮಂತ್ರಿಗೂ ಸಿಗುವುದು ಅನುಮಾನ. ವರ್ಷವಿಡೀ ಸಿಮೆಂಟು ಮೆತ್ತಿಕೊಂಡಿದ್ದ ಮೈಯನ್ನು ಒದ್ದೆ ಬಟ್ಟೆಯಲ್ಲಿ ಒರೆಸುತ್ತಾರೆ. ಬಿಟ್ ಕಚ್ಚುವ ಚಕ್ಕಿಗೆ ಕುಂಕುಮ, ಹಿಡಿಗೆ ಮೂರು ಬೆರಳಿನ ವಿಭೂತಿ, ವೈರಿನ ಸುರುಳಿಯ ಮೇಲೊಂದು ಸೇವಂತಿಗೆ ಹಾರ. ಮೋಟರಿಗೆ ಗಾಳಿಯಾಡಲೆಂದು ಬಿಟ್ಟ ಸೀಳುಗಳೊಳಗೂ ನಾಲ್ಕು ಕಾಳು ಅಕ್ಷತೆ ಬೀಳುತ್ತದೆ. ನಿಂಬೆಹಣ್ಣು ಕೊಯ್ದು, ಬೂದುಗುಂಬಳಕಾಯಿಯನ್ನು ನಡುರಸ್ತೆಯಲ್ಲಿ ಒಡೆದು, ಸ್ಕೂಟರಿನವರು ಅದರ ಮೇಲೆ ಜಾರಿ ಬೀಳಲು ಅನುಕೂಲ ಮಾಡಿಕೊಟ್ಟಲ್ಲಿಗೆ ಆ ವರ್ಷದ ಸುರಕ್ಷತಾ ಕಾರ್ಯಕ್ರಮ ಮುಗಿಯಿತು. ಮುಂದಿನ ನವರಾತ್ರಿಯವರೆಗೆ ಯಂತ್ರದ ಪೂರ್ತಿ ಹೊಣೆ ಚಾಮುಂಡೇಶ್ವರಿಯದು.

ಅಂಗಡಿಯಿಂದ ಬರುವಾಗ ಡ್ರಿಲ್ಲಿನ ವೈರಿನ ತುದಿಯಲ್ಲಿ ಒಂದು ಪ್ಲಗ್ ಇರುತ್ತದೆ. ಇದನ್ನು ನಂಬುವುದು ಕಷ್ಟ, ಏಕೆಂದರೆ ಕೆಲಸಕ್ಕೆ ಬಂದ ಡ್ರಿಲ್ಲಿನಲ್ಲಿ ಅದನ್ನು ಕಣ್ಣಾರೆ ಕಂಡವರು ಕಡಿಮೆ. ಈಗಿನ ಡ್ರಿಲ್‌ಗಳ ಮೈಮೇಲೆ ಚೌಕದೊಳಗೊಂದು ಚೌಕದ ಗುರುತು ಇರುತ್ತದೆ. ಒಳಗೆ ಎರಡು ಪದರ ಇನ್ಸುಲೇಷನ್ ಇದೆ, ಅರ್ಥ್ ವೈರು ಬೇಕಿಲ್ಲ, ಎರಡು ಪಿನ್ನೇ ಸಾಕು ಎಂದು ಅದರ ಅರ್ಥ. ಹೀಗೆ ತಯಾರಿಸಿದವನು ಒಂದು ತುದಿಯಲ್ಲಿ ಎರಡೆರಡು ಪದರ ಹೊದಿಸಿ ಕಳಿಸಿದರೆ, ಇನ್ನೊಂದು ತುದಿಯಲ್ಲಿ ನಾವು ತಾಮ್ರವನ್ನು ಬರಿಮೈ ಮಾಡಿ ಲೆಕ್ಕ ಸರಿದೂಗಿಸುತ್ತೇವೆ. ಕೆಲಸಕ್ಕೆ ಬಂದ ಹುಡುಗ ವೈರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ ಸುಲಿಯುತ್ತಾನೆ, ಬೆರಳಲ್ಲಿ ಹುರಿ ಮಾಡುತ್ತಾನೆ, ಸಾಕೆಟ್ಟಿನ ಎರಡು ತೂತಿಗೆ ತುರುಕುತ್ತಾನೆ. ಅದು ಒಳಗೆ ಹೋಗುವುದಿಲ್ಲ. ಒಳ್ಳೆಯ ಸಾಕೆಟ್ಟುಗಳಲ್ಲಿ ಒಂದು ಪುಟ್ಟ ಮುಚ್ಚಳವಿರುತ್ತದೆ. ಮೂರು ಪಿನ್ನಿನ ಪ್ಲಗ್ಗಿನ ಉದ್ದನೆಯ ಅರ್ಥ್ ಪಿನ್ ಮೇಲಿನ ತೂತಿಗೆ ಹೊಕ್ಕರೆ ಮಾತ್ರ ಕೆಳಗಿನ ಎರಡು ತೆರೆದುಕೊಳ್ಳುತ್ತವೆ. ಆದ್ದರಿಂದ ಹುಡುಗ ಮೇಲಿನ ತೂತಿಗೆ ಸ್ಕ್ರೂಡ್ರೈವರ್ ಚುಚ್ಚಿ, ಕೆಳಗೆ ವೈರು ಇಳಿಬಿಟ್ಟು, ಅಲುಗದಿರಲೆಂದು ಒಂದೊಂದು ಬೆಂಕಿಕಡ್ಡಿ ಬೆಣೆ ಹೊಡೆಯುತ್ತಾನೆ. ಮಕ್ಕಳು ಕಡ್ಡಿ ತುರುಕಬಾರದೆಂದು ಇಟ್ಟ ಮುಚ್ಚಳ ನಮ್ಮಲ್ಲಿ ದೊಡ್ಡವರು ಕಡ್ಡಿ ತುರುಕಿದ ಮೇಲೆಯೇ ತೆರೆಯುವುದು.

ಮನೆಯೊಡೆಯರು ಇದನ್ನೆಲ್ಲ ನೋಡುತ್ತಿರುತ್ತಾರೆ. ಅವರನ್ನು ನಿರ್ಲಕ್ಷ್ಯದವರು ಎಂದರೆ ನಾಲಿಗೆಗೆ ಹುಳ ಬಿದ್ದೀತು. ಗೋಡೆಗೆ ಟಿವಿ ಸ್ಟ್ಯಾಂಡ್ ಕೂರಿಸಲು ನಾಲ್ಕು ತೂತು ಬೀಳಬೇಕು ಅಷ್ಟೇ. ಅದಕ್ಕೆ ಹಿಂದಿನ ರಾತ್ರಿಯಿಂದಲೇ ತಯಾರಿ. ಸೋಫಾದ ಮೇಲೆ ಹಳೆಯ ಬೆಡ್‌ಶೀಟು, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ಷೋಕೇಸಿನ ಗಾಜಿನ ಸಂದಿಗೆ ಟೇಪು. ಡೈನಿಂಗ್ ಟೇಬಲ್ ಒಳಕೋಣೆಗೆ. ಅಕ್ವೇರಿಯಮ್ಮಿಗೆ ದಪ್ಪನೆಯ ಟವೆಲು, ಸದ್ದಿಗೆ ಮೀನುಗಳು ಗಾಬರಿಯಾಗುತ್ತವಂತೆ. ನೆಲಕ್ಕೆ ದೂಳು ಬೀಳದಿರಲೆಂದು ತೂತಿನ ಕೆಳಗೆ ಗೋಡೆಗೆ ಒಂದು ಲಕೋಟೆ ಅಂಟಿಸುವುದನ್ನೂ ಮೇಡಂ ಮೊಬೈಲಿನಲ್ಲಿ ನೋಡಿ ಕಲಿತಿದ್ದಾರೆ. ಹೀಗೆ ಮನೆಯಲ್ಲಿರುವ ಸಕಲ ಚರಾಚರ ವಸ್ತುಗಳ ರಕ್ಷಣೆಯೂ ಆದಮೇಲೆ, ಹೊದಿಕೆ ಇಲ್ಲದೆ ಉಳಿಯುವುದು ಒಂದೇ. ಅದು ಪ್ಲಾಸ್ಟಿಕ್ ಕುರ್ಚಿಯ ಮೇಲಿಟ್ಟ ಸ್ಟೂಲಿನ ಮೇಲೆ ನಿಂತು, ಡ್ರಿಲ್ಲನ್ನು ಎದೆಗೆ ಆನಿಸಿಕೊಂಡು, ಒಂದು ಕಣ್ಣು ಮುಚ್ಚಿದೆ. ದೂಳು ಬಿದ್ದರೆ ಇನ್ನೊಂದು ಕಣ್ಣಾದರೂ ಇರಲಿ ಎಂಬ ಮುನ್ನೆಚ್ಚರಿಕೆ.

"ನಿಧಾನ ಕಣಪ್ಪಾ, ಹುಷಾರು!" ಎಂದು ಯಜಮಾನರು ಕೂಗುತ್ತಾರೆ. ಹುಡುಗನಿಗೆ ಕಣ್ಣು ತುಂಬಿ ಬರಬೇಕು. ಆದರೆ ಮಾತು ಇನ್ನೂ ಮುಗಿದಿರುವುದಿಲ್ಲ. "ಪ್ಲಾಸ್ಟರ್ ಎದ್ದು ಬಂದೀತು."

ಗೋಡೆಯ ಮೇಲಿನ ಈ ಮಮಕಾರಕ್ಕೆ ಅಂತರರಾಷ್ಟ್ರೀಯ ಪರಂಪರೆಯೇ ಇದೆ. ನಾವು ತೂತಿಗೆ ತುಂಬುವ ರಾಲ್ ಪ್ಲಗ್ ಹುಟ್ಟಿದ್ದೇ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನ ಗೋಡೆಗಳಿಗೆ ನೋವಾಗಬಾರದೆಂದು. 1911ರ ಸುಮಾರಿಗೆ ಜಾನ್ ರಾಲಿಂಗ್ಸ್ ಎಂಬ ಗುತ್ತಿಗೆದಾರನಿಗೆ ಅಲ್ಲಿ ವಿದ್ಯುತ್ ಸಾಮಾನು ಕೂರಿಸುವ ಕೆಲಸ ಸಿಕ್ಕಿತು. ಗೋಡೆ ಹೆಚ್ಚು ಕೆಡಬಾರದೆಂಬ ಷರತ್ತಿಗೆ ಆತ ಸೆಣಬಿನ ನಾರಿನ ಬೆಣೆ ಕಂಡುಹಿಡಿದ. ಷರತ್ತು ಇವತ್ತಿಗೂ ಅದೇ. ಬೆಣೆ ಮಾತ್ರ ಪ್ಲಾಸ್ಟಿಕ್ಕಿನದಾಗಿದೆ.

ಈ ಯಂತ್ರದ ಸ್ವಭಾವವೇನು ಎಂದು ಅದನ್ನು ಬಾಡಿಗೆಗೆ ಕೊಡುವವರೂ ಹೇಳುವುದಿಲ್ಲ, ತೆಗೆದುಕೊಳ್ಳುವವರೂ ಕೇಳುವುದಿಲ್ಲ. ಸಾದಾ ಹ್ಯಾಮರ್ ಡ್ರಿಲ್ಲಿನ ಹೊಟ್ಟೆಯಲ್ಲಿ ಹಲ್ಲುಹಲ್ಲಿನ ಎರಡು ಬಿಲ್ಲೆಗಳಿರುತ್ತವೆ. ಸುತ್ತಿಗೆಯ ಗುರುತಿಗೆ ಬಟನ್ ತಿರುಗಿಸಿ ಒತ್ತಿದರೆ ಒಂದರ ಹಲ್ಲಿನ ಮೇಲೆ ಇನ್ನೊಂದು ಹತ್ತಿ ಇಳಿದು, ನಿಮಿಷಕ್ಕೆ ಹತ್ತಾರು ಸಾವಿರ ಸಣ್ಣ ಸಣ್ಣ ಪೆಟ್ಟು ಬಿಟ್ಟಿಗೆ ಬೀಳುತ್ತದೆ. ಒತ್ತಿದಷ್ಟೇ ಪೆಟ್ಟು. ಅದಕ್ಕೇ ಹುಡುಗ ಎದೆ ಕೊಟ್ಟು ಒತ್ತುವುದು. ಎಸ್‌ಡಿಎಸ್ ಬಿಟ್ಟಿನ ರೋಟರಿ ಹ್ಯಾಮರ್ ಆದರೆ ಒಳಗೆ ಗಾಳಿಯ ಪಿಸ್ಟನ್ ಇರುತ್ತದೆ, ಪೆಟ್ಟಿನ ಸಂಖ್ಯೆ ಕಡಿಮೆ, ತೂಕ ಹೆಚ್ಚು. ಆರ್‌ಸಿಸಿ ಬೀಮಿಗೆ ಅದೇ ಸರಿ. ಆದರೆ ಅದರ ಬಾಡಿಗೆ ಜಾಸ್ತಿ. "ಇದರಲ್ಲೇ ಆಗುತ್ತೆ, ಸ್ವಲ್ಪ ಒತ್ತು" ಎಂಬ ಒಂದು ವಾಕ್ಯದಲ್ಲಿ ಆ ವ್ಯತ್ಯಾಸದ ಹಣ ಉಳಿಯುತ್ತದೆ.

ಬೀಮಿನೊಳಗೆ ಕಂಬಿ ಇರುತ್ತದೆ. ತಿರುಗುತ್ತಿರುವ ಬಿಟ್ ಕಂಬಿಗೆ ಸಿಕ್ಕಿ ಕಚ್ಚಿಕೊಂಡಿತೆಂದರೆ ಬಿಟ್ ನಿಲ್ಲುತ್ತದೆ, ಮೋಟರ್ ನಿಲ್ಲುವುದಿಲ್ಲ. ಆಗ ತಿರುಗುವುದು ಡ್ರಿಲ್ಲಿನ ಮೈ, ಅದರ ಜೊತೆಗೆ ಹಿಡಿದವನ ಮಣಿಕಟ್ಟು, ಮಣಿಕಟ್ಟಿನ ಹಿಂದೆ ಸ್ಟೂಲಿನ ಮೇಲಿರುವ ಹುಡುಗ. ಇದನ್ನು ತಡೆಯಲೆಂದೇ ಪೆಟ್ಟಿಗೆಯಲ್ಲಿ ಒಂದು ಪಕ್ಕದ ಹಿಡಿ ಕೊಟ್ಟಿರುತ್ತಾರೆ. ಡ್ರಿಲ್ಲಿನ ಕುತ್ತಿಗೆಗೆ ತಿರುಪಿ ಕೂರಿಸಿ, ಎಡಗೈಯಲ್ಲಿ ಅದನ್ನೂ ಬಲಗೈಯಲ್ಲಿ ಮೂಲ ಹಿಡಿಯನ್ನೂ ಹಿಡಿದರೆ ಉದ್ದದ ಸನ್ನೆ ಸಿಕ್ಕಿ ಆ ತಿರುಚನ್ನು ತಡೆಯಬಹುದು. ಅಂಗಡಿಯಲ್ಲಿ ಕೇಳಿ ನೋಡಿ. "ಅದಾ? ಅಡ್ಡ ಬರುತ್ತೆ ಅಂತ ಯಾರೂ ಹಾಕಲ್ಲ ಸಾರ್" ಎಂದು ಮೇಜಿನ ಖಾನೆ ಎಳೆದು ತೋರಿಸುತ್ತಾರೆ. ಬಳಕೆಯಾಗದ ಹಿಡಿಗಳು ಅಲ್ಲಿ ಫಳಫಳ ಹೊಳೆಯುತ್ತಾ ಮಲಗಿರುತ್ತವೆ. ಬಾಡಿಗೆಗೆ ಹೋಗಿ ಬಂದ ಡ್ರಿಲ್ಲಿನಲ್ಲಿ ಒಂದಿಷ್ಟೂ ಗೀರು ಬೀಳದ ಭಾಗ ಅದೊಂದೇ.

ಮಣಿಕಟ್ಟಿನ ಮಾತು ಬಂದಾಗ ದಾರದ ಮಾತೂ ಬರಬೇಕು. ಧರ್ಮಸ್ಥಳದ್ದೊಂದು, ದರ್ಗಾದ್ದೊಂದು, ಅಮ್ಮ ಕಟ್ಟಿದ್ದೊಂದು. ಕೇಡು ತಾಗದಿರಲೆಂದು ಕಟ್ಟಿದ ದಾರದ ಜೋಲುತುದಿ ತಿರುಗುವ ಚಕ್ಕಿಗೆ ಸುತ್ತಿಕೊಂಡರೆ ಕೇಡು ತಾನಾಗಿ ಹುಡುಕಿಕೊಂಡು ಬರುವ ಕಷ್ಟವೇ ತಪ್ಪುತ್ತದೆ. ಯಾರೋ ಪುಣ್ಯಾತ್ಮರು ಮನಸ್ಸು ಕರಗಿ, ತೋಟದ ಕೆಲಸದ ಸಡಿಲ ಬಟ್ಟೆಯ ಗ್ಲೌಸು ಕೊಡುತ್ತಾರೆ. ಅದು ಇನ್ನೂ ಚೆನ್ನಾಗಿ ಸುತ್ತಿಕೊಳ್ಳುತ್ತದೆ.

ಬೆರಳು ತೆಗೆದ ಕೂಡಲೇ ಯಂತ್ರ ನಿಲ್ಲಬೇಕು ಎಂಬುದು ಒಳ್ಳೆಯ ಯೋಚನೆ. 1917ರಲ್ಲಿ ಅಮೆರಿಕದ ಬ್ಲ್ಯಾಕ್ ಅಂಡ್ ಡೆಕ್ಕರ್ ಕಂಪನಿ ಪಿಸ್ತೂಲಿನ ಮಾದರಿಯ ಹಿಡಿಗೆ ಟ್ರಿಗರ್ ಜೋಡಿಸಿ ಪೇಟೆಂಟ್ ಪಡೆಯಿತು. ಕೈಡ್ರಿಲ್ಲಿನ ರೂಪ ಅಲ್ಲಿಂದೀಚೆಗೆ ಹೆಚ್ಚು ಬದಲಾಗಿಲ್ಲ. ಆಮೇಲೆ ಟ್ರಿಗರಿನ ಪಕ್ಕದಲ್ಲಿ ಒಂದು ಲಾಕ್ ಬಟನ್ ಬಂತು. ಅದನ್ನು ಒತ್ತಿಬಿಟ್ಟರೆ ಬೆರಳು ತೆಗೆದರೂ ತಿರುಗುತ್ತಿರುತ್ತದೆ. ನಮ್ಮ ಕೈಗೆ ಬಂದಮೇಲೆ ಈ ಬಟನ್ನಿಗೆ ಹೊಸ ಆಯಾಮ ಸಿಕ್ಕಿತು: ಕರೆಂಟು ಹೋಗುವುದು. ತೂತು ಅರ್ಧ ಆದಾಗ ಕರೆಂಟು ಹೋಗುತ್ತದೆ. ಹುಡುಗ ಲಾಕ್ ಬಿಡಿಸುವುದಿಲ್ಲ, ಬೆಂಕಿಕಡ್ಡಿಯನ್ನೂ ಕೀಳುವುದಿಲ್ಲ. ಡ್ರಿಲ್ಲನ್ನು ಸೋಫಾದ ಮೇಲೆ ಮಲಗಿಸಿ ಟೀ ಕುಡಿಯಲು ಕೆಳಗೆ ಹೋಗುತ್ತಾನೆ. ಹತ್ತು ನಿಮಿಷದ ನಂತರ ಕರೆಂಟು ಬಂದಾಗ ಹಾಲ್‌ನಲ್ಲಿ ಯಾರೂ ಇಲ್ಲ, ಡ್ರಿಲ್ ಒಂದೇ ಬೆಡ್‌ಶೀಟನ್ನು ಸುತ್ತಿಕೊಂಡು ಗರಗರ ಹೊರಳುತ್ತಿದೆ. ಮೇಡಂ ಚೀರುತ್ತಾರೆ. ಈ ಸಲ ಚೀರಿದ್ದಕ್ಕೆ ಸಕಾರಣವಿದೆ, ಬೆಡ್‌ಶೀಟಿನ ಕೆಳಗೆ ಸೋಫಾ ಇತ್ತು.

ಶಾಕ್ ಹೊಡೆದೀತು ಎಂದು ಯಾರಾದರೂ ಬಾಯಿ ಬಿಟ್ಟರೆ ಯಜಮಾನರು ಎದೆಯುಬ್ಬಿಸಿ ಬಾಗಿಲ ಹಿಂದಿನ ಪೆಟ್ಟಿಗೆ ತೋರಿಸುತ್ತಾರೆ. "ಎಂಸಿಬಿ ಇದೆಯಲ್ರೀ." ಇದೆ. ಅದೂ ಮನೆಯೊಡೆಯರ ಸ್ವಭಾವದ್ದೇ: ಅದು ಕಾಯುವುದು ಗೋಡೆಯೊಳಗಿನ ವೈರನ್ನು, ವೈರು ಮುಟ್ಟಿದವನನ್ನಲ್ಲ. 16 ಆಂಪಿಯರ್ ಎಂಸಿಬಿಗೆ 16 ದಾಟುವವರೆಗೆ ನಿಶ್ಚಿಂತೆ. 600 ವಾಟಿನ ಡ್ರಿಲ್ ನಮ್ಮ 230 ವೋಲ್ಟಿನಲ್ಲಿ ಎಳೆಯುವುದೇ ಸುಮಾರು ಎರಡೂವರೆ ಆಂಪಿಯರ್. ಅದರ ಇಪ್ಪತ್ತರಲ್ಲೊಂದು ಪಾಲು ಎದೆಯ ಮೂಲಕ ಹಾದುಹೋದರೆ ಹೃದಯದ ತಾಳ ತಪ್ಪಲು ಸಾಕಾದೀತು, ಎಂಸಿಬಿ ಮಿಸುಕುವುದೂ ಇಲ್ಲ. ಮನುಷ್ಯನಿಗಾಗಿ ಇರುವುದು ಬೇರೆ: ಆರ್‌ಸಿಸಿಬಿ, ಜನರ ಬಾಯಲ್ಲಿ ಇಎಲ್‌ಸಿಬಿ. ಹೋದ ಕರೆಂಟಿಗೂ ವಾಪಸ್ ಬಂದ ಕರೆಂಟಿಗೂ 30 ಮಿಲಿ ಆಂಪಿಯರ್ ವ್ಯತ್ಯಾಸ ಕಂಡರೆ, ಅಂದರೆ ಅಷ್ಟು ಕರೆಂಟು ಯಾರದೋ ಮೈಯಿಂದಲೋ ಒದ್ದೆ ಗೋಡೆಯಿಂದಲೋ ಭೂಮಿಗೆ ಸೋರಿದರೆ, ಕಣ್ಣು ಮಿಟುಕಿಸುವುದರೊಳಗೆ ಕತ್ತರಿಸಿಬಿಡುತ್ತದೆ. ಆದರೆ ಅದರ ವಿಷಯದಲ್ಲಿ ಯಜಮಾನರಿಗೆ ಒಂದು ತಕರಾರಿತ್ತು. "ಗೀಸರ್ ಹಾಕಿದಾಗಲೆಲ್ಲ ಟ್ರಿಪ್ ಆಗೋದು. ಭಾರಿ ಕಿರಿಕಿರಿ. ಬೈಪಾಸ್ ಮಾಡಿಸಿಬಿಟ್ಟೆ." ಕಳ್ಳ ಬಂದಾಗಲೆಲ್ಲ ಬೊಗಳಿ ನಿದ್ದೆ ಕೆಡಿಸುತ್ತದೆಂದು ನಾಯಿಯನ್ನು ಊರಾಚೆ ಬಿಟ್ಟು ಬಂದ ಹಾಗೆ. ಗೀಸರ್ ಯಾಕೆ ಸೋರುತ್ತಿತ್ತು ಎಂದು ಕೇಳಬಾರದು. ಅದಿನ್ನೂ ಸೋರುತ್ತಲೇ ಇದೆ, ಮನೆಮಂದಿ ಅದರ ಕೆಳಗೆ ನಿಂತೇ ಸ್ನಾನ ಮಾಡುತ್ತಿದ್ದಾರೆ.

ಹುಡುಗನ ನಂಬಿಕೆ ಎಂಸಿಬಿಯ ಮೇಲಲ್ಲ, ಹವಾಯಿ ಚಪ್ಪಲಿಯ ಮೇಲೆ. "ರಬ್ಬರ್ ಅಲ್ವಾ ಸಾರ್, ಏನಾಗಲ್ಲ." ಸವೆದು ಹಿಮ್ಮಡಿಯಲ್ಲಿ ನೆಲ ಕಾಣುವ ಆ ಚಪ್ಪಲಿಯನ್ನು ಮನೆಯೊಳಗೆ ಹಾಕಿಕೊಂಡು ಬರಲು ಮೇಡಂ ಒಪ್ಪಿದ್ದೇ ದೊಡ್ಡದು, ಹೇಗೂ ಆಮೇಲೆ ನೆಲ ಒರೆಸಲೇಬೇಕಲ್ಲ ಎಂದು. ಸುರಕ್ಷತಾ ಸಾಧನ ಎಂದು ಅವನ ಮೈಮೇಲೆ ಇರುವುದು ಅದಿಷ್ಟೇ.

ಟಿವಿ ಆಯಿತು, ಮುಂದಿನದು ದೇವರ ಫೋಟೋ. ಮನೆ ಕಟ್ಟುವಾಗ ವೈರುಗಳನ್ನು ಪೈಪಿನಲ್ಲಿ ಹಾಕಿ ಗೋಡೆಯೊಳಗೆ ಹೂಳುತ್ತಾರೆ. ಅವು ಸಾಮಾನ್ಯವಾಗಿ ಸೂರಿನಿಂದ ಸ್ವಿಚ್‌ಬೋರ್ಡಿಗೆ ನೆಟ್ಟಗೆ ಇಳಿಯುತ್ತವೆ. ಹಾಗಾಗಿ ಬೋರ್ಡಿನ ನೇರ ಮೇಲೂ ಕೆಳಗೂ, ಅದರ ಸಾಲಿನಲ್ಲಿ ಅಕ್ಕಪಕ್ಕವೂ ತೂತು ಹಾಕಬಾರದು. ಇಡೀ ಗೋಡೆಯಲ್ಲಿ ಕೈ ಹಾಕಬಾರದ ಜಾಗ ಒಂದೊಂದು ಗೇಣು ಅಗಲದ ಈ ಎರಡು ಪಟ್ಟಿ. ದೇವರು ಆರಿಸಿಕೊಳ್ಳುವುದು ಅವನ್ನೇ, ಏಕೆಂದರೆ ಫೋಟೋಗೆ ಮಿಣಮಿಣ ಲೈಟಿನ ಸರ ಬೇಕು, ಸರಕ್ಕೆ ಪ್ಲಗ್ ಪಾಯಿಂಟ್ ಹತ್ತಿರವಿರಬೇಕು, ವೈರು ನೇತಾಡಿದರೆ ಲಕ್ಷಣವಲ್ಲ. ಗೋಡೆಯೊಳಗಿನ ವೈರು, ಕಂಬಿ ಪತ್ತೆಹಚ್ಚುವ ಪುಟ್ಟ ಸಾಧನಗಳು ಸಿಗುತ್ತವೆ; ಅಗ್ಗದವುಗಳನ್ನು ಪೂರ್ತಿ ನಂಬುವಂತಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. ನಮ್ಮಲ್ಲಿ ಆ ಕೆಲಸ ಬೆರಳಿನ ಗೆಣ್ಣು ಮಾಡುತ್ತದೆ. ಗೋಡೆಯನ್ನು ಟಕಟಕ ತಟ್ಟಿ ಕಿವಿಯಿಟ್ಟು, "ಇಲ್ಲಿ ಏನಿಲ್ಲ ಬಿಡಿ" ಎಂದು ತೀರ್ಪು ಕೊಟ್ಟರೆ ಮುಗಿಯಿತು. ಬಿಟ್ ಫೇಸ್ ವೈರಿಗೆ ತಾಗಿದರೆ ಚಕ್ಕಿನ ಲೋಹಕ್ಕೂ ಕರೆಂಟು ಬರುತ್ತದೆ. ಪ್ಲಾಸ್ಟಿಕ್ ಹಿಡಿಯಲ್ಲೇ ಕೈಯಿದ್ದರೆ ಬಚಾವು. ಆದರೆ ಪಕ್ಕದ ಹಿಡಿ ಅಂಗಡಿಯ ಖಾನೆಯಲ್ಲಿರುವುದರಿಂದ ಎಡಗೈ ಎಲ್ಲಿರುತ್ತದೆಂದು ಬೇರೆ ಹೇಳಬೇಕಿಲ್ಲ.

ಬಚ್ಚಲುಮನೆಯ ಗೋಡೆಯಲ್ಲಿ ವೈರಿನ ಬದಲು ನೀರಿನ ಪೈಪು. ಇಲ್ಲಿ ಮಾತ್ರ ಎಲ್ಲರಿಗೂ ನಿಯಮ ಬಾಯಿಪಾಠ: ಟೈಲ್ಸಿಗೆ ತೂತು ಹಾಕುವಾಗ ಹ್ಯಾಮರ್ ಮೋಡ್ ಆಫ್, ಮೇಲೆ ಟೇಪು ಅಂಟಿಸಬೇಕು, ನಿಧಾನಕ್ಕೆ ಶುರು ಮಾಡಬೇಕು. ಚಕ್ಕಿನ ಕೀ ತೆಗೆದಿದ್ದಾನಾ, ಬಿಟ್ ಬದಲಿಸುವ ಮುಂಚೆ ವೈರು ಕಿತ್ತಿದ್ದಾನಾ ಎಂದು ಒಮ್ಮೆಯೂ ನೋಡದ ಮನೆಯೊಡೆಯರು ಇದೊಂದನ್ನು ಮಂತ್ರದಂತೆ ಒಪ್ಪಿಸುತ್ತಾರೆ. ಟೈಲ್ಸಿನ ರೇಟು ಹಾಗಿದೆ.

ಇನ್ನು ದೂಳು. ಸೋಫಾಗೆ ಬೆಡ್‌ಶೀಟು ಹೊದಿಸುವ ದೂಳು ಕಣ್ಣಿಗೆ ಕಾಣುವ ದಪ್ಪ ದೂಳು, ಅದು ಕೆಳಗೆ ಕೂರುತ್ತದೆ, ಒರೆಸಿದರೆ ಹೋಗುತ್ತದೆ. ಕೆಡುಕು ಮಾಡುವುದು ಕಾಣದ ದೂಳು. ಮರಳು, ಕಾಂಕ್ರೀಟು, ಗ್ರಾನೈಟುಗಳಲ್ಲಿರುವ ಸಿಲಿಕಾ ಹರಳಿನ ನುಣುಪು ಪುಡಿ ಗಾಳಿಯಲ್ಲಿ ತೇಲಿ ಶ್ವಾಸಕೋಶದ ತಳ ಸೇರಿದರೆ ಅಲ್ಲಿ ಕಲೆಗಟ್ಟುತ್ತಾ ಹೋಗುತ್ತದೆ. ಹೆಸರು ಸಿಲಿಕೋಸಿಸ್, ವಾಸಿಯಾಗುವ ಮದ್ದಿಲ್ಲ. ಕರ್ನಾಟಕಕ್ಕೆ ಇದನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚುವವರೆಗೆ ನೂರಕ್ಕೂ ಹೆಚ್ಚು ವರ್ಷ ಅಲ್ಲಿ ಬಂಡೆ ಕೊರೆದವರ ಎದೆಯೊಳಗೆ ಕೂತದ್ದು ಇದೇ ಪುಡಿ. ಚಿನ್ನ ಎಲ್ಲೆಲ್ಲಿಗೋ ಹೋಯಿತು, ಪುಡಿ ಅವರಲ್ಲೇ ಉಳಿಯಿತು. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಷೆಡ್ಯೂಲಿನಲ್ಲೇ ಈ ರೋಗದ ಹೆಸರಿತ್ತು. ಕಾರ್ಖಾನೆಯವರು ವರದಿ ಮಾಡಲೇಬೇಕು. ನಮ್ಮ ಹಾಲ್ ಕಾರ್ಖಾನೆಯಲ್ಲ. ಮನೆಯವರಿಗೆ ವರ್ಷಕ್ಕೆ ನಾಲ್ಕು ತೂತಿನ ದೂಳು, ಅದರಿಂದ ದೊಡ್ಡ ಅಪಾಯವಿಲ್ಲ ಎಂಬುದೂ ನಿಜವೇ. ಹುಡುಗನಿಗೆ ದಿನಕ್ಕೆ ಹತ್ತು ಮನೆ.

ಕೊರೊನಾ ಕಾಲದಲ್ಲಿ ಡಬ್ಬಗಟ್ಟಲೆ ತಂದ ಎನ್‌95 ಮಾಸ್ಕುಗಳು ಎಲ್ಲರ ಮನೆಯ ಕಪಾಟಿನಲ್ಲೂ ಇವೆ. ಈ ನುಣುಪು ಪುಡಿಯನ್ನು ತಕ್ಕಮಟ್ಟಿಗೆ ತಡೆಯುವ ಸಾಮಾನು ಅದೇ, ಕರ್ಚೀಫಲ್ಲ. ಡ್ರಿಲ್ ಶುರುವಾದ ಕೂಡಲೇ ಮೇಡಂ ಒಂದು ತೆಗೆದು ಹಾಕಿಕೊಂಡರು. ಯಜಮಾನರಿಗೊಂದು ಕೊಟ್ಟರು. ಅಡುಗೆಮನೆಯ ಬಾಗಿಲಲ್ಲಿ ಇಬ್ಬರೂ ಮೂಗು ಮುಚ್ಚಿ ನಿಂತು ಹುಡುಗನಿಗೆ ಸಲಹೆ ಕೊಟ್ಟರು. "ಪಾಪ, ಅವರಿಗೆ ಅಭ್ಯಾಸ ಆಗಿರುತ್ತೆ" ಎಂದು ಮಾಸ್ಕಿನೊಳಗಿಂದ ಬಂದ ಮಾತಿನಲ್ಲಿ ಕರುಣೆ ಇತ್ತು.

ಸದ್ದಿನ ಸಂಗತಿ ಮಾತ್ರ ಬೇರೆ. ಅದು ಗೋಡೆ ದಾಟುತ್ತದೆ, ಆದ್ದರಿಂದ ಸಮಾಜದ ಸಮಸ್ಯೆಯಾಗುತ್ತದೆ. ಕಾಂಕ್ರೀಟಿಗೆ ಹ್ಯಾಮರ್ ಡ್ರಿಲ್ ಹಚ್ಚಿದರೆ ಹಿಡಿದವನ ಕಿವಿಯ ಬಳಿ 100 ಡೆಸಿಬೆಲ್ ಆಸುಪಾಸು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ ಹಾಕಿದ ಲೆಕ್ಕದಲ್ಲಿ 85 ಡೆಸಿಬೆಲ್ ಸದ್ದನ್ನು ದಿನಕ್ಕೆ 8 ಗಂಟೆ ತಾಳಬಹುದು. 100 ಆದರೆ 15 ನಿಮಿಷ. ಹುಡುಗ ಮೊದಲ ಮನೆಯಲ್ಲೇ ಆ ದಿನದ ಪಾಲು ಮುಗಿಸಿರುತ್ತಾನೆ. ಕಿವಿಗೆ ಅವನು ಏನೂ ಹಾಕಿಲ್ಲವೆಂದಲ್ಲ. ಇಯರ್‌ಫೋನ್ ಇದೆ, ಡ್ರಿಲ್ಲಿನ ಸದ್ದಿಗಿಂತ ಮೇಲೆ ಕೇಳುವಂತೆ ಹಾಡಿನ ವಾಲ್ಯೂಮ್ ಇಟ್ಟಿದ್ದಾನೆ.

ಅಪಾರ್ಟ್‌ಮೆಂಟಿನ ವಾಟ್ಸಾಪ್ ಗುಂಪು ಅಷ್ಟರಲ್ಲಿ ಎದ್ದು ಕೂತಿರುತ್ತದೆ. ಯಾವ ಫ್ಲ್ಯಾಟಿನಿಂದ? ಯಾರ ಅನುಮತಿ? ನಿವೃತ್ತರೊಬ್ಬರು 2000ದ ಶಬ್ದಮಾಲಿನ್ಯ ನಿಯಮಾವಳಿಯನ್ನೇ ಫಾರ್ವರ್ಡ್ ಮಾಡುತ್ತಾರೆ: ವಸತಿ ಪ್ರದೇಶದಲ್ಲಿ ಹಗಲು 55 ಡೆಸಿಬೆಲ್, ರಾತ್ರಿ 45. ಸಂಘದ ಸುತ್ತೋಲೆ ಹೊರಡುತ್ತದೆ. ಡ್ರಿಲ್ ಬೆಳಗ್ಗೆ ಹತ್ತರ ಮೇಲೆ. ಮಧ್ಯಾಹ್ನ ಒಂದರಿಂದ ನಾಲ್ಕು ಹಿರಿಯರ ನಿದ್ದೆ, ಆಗ ಬೇಡ. ಭಾನುವಾರ, ಪರೀಕ್ಷೆಯ ತಿಂಗಳು ಪೂರ್ತಿ ಬಂದ್. ಕೆಲಸದವರು ಸರ್ವಿಸ್ ಲಿಫ್ಟ್ ಮಾತ್ರ ಬಳಸತಕ್ಕದ್ದು. ಲಿಫ್ಟಿನಲ್ಲಿ ದೂಳು ಕಂಡರೆ ಮನೆಯವರಿಗೆ ದಂಡ. ಇಷ್ಟು ಚಿಂತನಶೀಲ ದಾಖಲೆಯಲ್ಲಿ ಕೆಲಸದವನ ಕಣ್ಣು, ಕಿವಿ, ಮೂಗು ಬಿಟ್ಟುಹೋಗಿವೆ. ಮುಂದಿನ ಸಭೆಯಲ್ಲಿ ಸೇರಿಸಬಹುದಿತ್ತು, ಆದರೆ ಅಲ್ಲಿ ನಾಯಿಗಳ ವಿಷಯ ಇದೆ.

ಕೆಲಸ ಮುಗಿದು ಲೆಕ್ಕಕ್ಕೆ ಬಂದಾಗ ಸಂಜೆ. ಒಂದು ತೂತಿಗೆ ಇಷ್ಟೆಂದು ಬೆಳಗ್ಗೆಯೇ ಮಾತಾಗಿತ್ತು.

"ಹನ್ನೊಂದು ಸಾರ್."

"ಹತ್ತಲ್ವೇನಪ್ಪಾ?" ಯಜಮಾನರು ಕನ್ನಡಕ ಸರಿಮಾಡಿಕೊಂಡು ಗೋಡೆ ಗೋಡೆ ಎಣಿಸಿದರು. "ಟಿವಿಗೆ ನಾಲ್ಕು, ಕರ್ಟನ್ ರಾಡಿಗೆ ನಾಲ್ಕು, ಫೋಟೋಗೆ ಎರಡು."

"ಕರ್ಟನ್ ಹತ್ರ ಒಂದು ಕಂಬಿ ಸಿಕ್ತಲ್ಲ ಸಾರ್. ಅದನ್ನ ಬಿಟ್ಟು ಪಕ್ಕಕ್ಕೆ ಹಾಕಿದ್ದು." ಆ ತೂತಿನಲ್ಲೇ ಡ್ರಿಲ್ ತಿರುಚಿಕೊಂಡು ಅವನ ಬಲಗೈ ಮಣಿಕಟ್ಟು ಊದಿತ್ತು. ದುಡ್ಡಿಗೆ ಚಾಚಿದ್ದು ಎಡಗೈ.

"ಪೂರ್ತಿ ಆಗದೇ ಇರೋ ತೂತಿಗೆಲ್ಲ ದುಡ್ಡು ಕೊಡೋಕಾಗುತ್ತಾ? ಆ ಗೋಡೆಗೆ ಈಗ ನಾನು ಪುಟ್ಟಿ ಹಾಕಿಸ್ಬೇಕು. ಅದ್ನ ನಿನ್ನ ಲೆಕ್ಕದಲ್ಲಿ ಹಿಡೀತಿಲ್ವಲ್ಲ, ಖುಷಿಪಡು. ಮತ್ತೆ ಎಡಗೈಲಿ ದುಡ್ಡು ತಗೋಬಾರದಪ್ಪಾ, ಸಂಜೆ ಹೊತ್ತು."

ಹತ್ತು ತೂತಿನ ದುಡ್ಡನ್ನು ಊದಿದ ಬಲಗೈಗೆ ಬದಲಿಸಿಕೊಂಡು, ಬೆಂಕಿಕಡ್ಡಿ ಕಿತ್ತು, ವೈರು ಸುತ್ತುತ್ತಿದ್ದವನನ್ನು ಎದುರುಮನೆಯ ಆಂಟಿ ಬಾಗಿಲಲ್ಲೇ ಹಿಡಿದರು. ಬೆಳಗ್ಗೆ ವಾಟ್ಸಾಪಿನಲ್ಲಿ ಮೊದಲು ಗುಡುಗಿದವರು ಅವರೇ.

"ಮಷೀನು ಹೇಗೂ ಬಂದಿದೆಯಲ್ಲಪ್ಪಾ, ನಮ್ಮನೇಲೂ ಎರಡೇ ಎರಡು ತೂತು. ಗೀಸರ್ ನೇತಾಕೋಕೆ. ಬಚ್ಚಲು ಈಗಷ್ಟೇ ತೊಳೆದಿದೀನಿ, ಇನ್ನೂ ಒದ್ದೆ ಇದೆ. ಚಪ್ಪಲಿ ಹೊರಗೆ ಬಿಟ್ಟು ಬಾ."